ಬಾಟಲಿ ಮುಚ್ಚಳ ಇಷ್ಟು ದೊಡ್ಡ ಪರದೆ ಹೇಗಾಗುತ್ತೆ? ಎಲ್ ಅನಾಟ್ಸುಯಿ ಕೆಲಸದ ಬಗ್ಗೆ ಚರ್ಚೆ

ತಂತಿಸೂಜಿ:
ಎಲ್ ಅನಾಟ್ಸುಯಿ ಕೆಲಸದ ಫೋಟೋಗಳನ್ನು ಇಲ್ಲಿ ಹಲವರು ನೋಡಿರುತ್ತೀರಿ. ಘಾನಾದವರು, 1944ರಲ್ಲಿ ಹುಟ್ಟಿದ್ದು. 1975ರಲ್ಲಿ ನೈಜೀರಿಯಾದ ಎನ್‌ಸುಕ್ಕಾಗೆ ಹೋಗಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆ ಕಲಿಸುತ್ತಾ ದಶಕಗಳ ಕಾಲ ಅಲ್ಲೇ ಇದ್ದರು. ಅವರ ಕೆಲಸವನ್ನು ದೂರದಿಂದ ನೋಡಿದರೆ ಗೋಡೆ ಮೇಲಿಂದ ದೊಡ್ಡ ಜರಿ ಬಟ್ಟೆ ಇಳಿಬಿಟ್ಟಿದ್ದಾರೆ ಅನಿಸುತ್ತೆ. ಹತ್ತಿರ ಹೋದರೆ ಬಟ್ಟೆ ಅಲ್ಲ, ಮದ್ಯದ ಬಾಟಲಿಗಳ ಅಲ್ಯೂಮಿನಿಯಂ ಮುಚ್ಚಳ. ಸಾವಿರಾರು ಮುಚ್ಚಳ. ಚಪ್ಪಟೆ ಮಾಡಿ, ಮಡಚಿ, ತಿರುಚಿ, ತಾಮ್ರದ ತಂತಿಯಲ್ಲಿ ಒಂದಕ್ಕೊಂದು ಹೊಲಿದಿದ್ದು.

ನನ್ನ ಪ್ರಶ್ನೆ ಇಷ್ಟೇ. ಗುಜರಿ ಸಾಮಾನಿನಲ್ಲಿ ಕಲೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಚಮಚದಲ್ಲಿ ನವಿಲು, ನಟ್ಟು ಬೋಲ್ಟಿನಲ್ಲಿ ಕುದುರೆ, ಟೈರಿನಲ್ಲಿ ಮೊಸಳೆ. "ಓ, ಚಮಚದಲ್ಲಿ ಮಾಡಿದ್ದಾರೆ" ಅಂದರೆ ಅಲ್ಲಿಗೆ ಮುಗೀತು. ಎರಡನೇ ಸಲ ನೋಡೋಕೆ ಏನೂ ಉಳಿಯಲ್ಲ. ಇವರ ಕೆಲಸದಲ್ಲಿ ಹಾಗಾಗಲ್ಲ. ಮುಚ್ಚಳ ಅಂತ ಗೊತ್ತಾದ ಮೇಲೇ ನೋಡೋದು ಶುರುವಾಗುತ್ತೆ. ಯಾಕೆ?

ನನಗೆ ಅನಿಸಿದ್ದು, ಮುಚ್ಚಳಕ್ಕಿಂತ ಜಾಸ್ತಿ ಕೆಲಸ ಮಾಡುತ್ತಿರುವುದು ಆ ತಂತಿ ಹೊಲಿಗೆ. ಎಲ್ಲವನ್ನೂ ಹಲಗೆ ಮೇಲೆ ಅಂಟಿಸಿಬಿಟ್ಟಿದ್ದರೆ ಇದು ಮುಚ್ಚಳದ ಮೊಸಾಯಿಕ್ ಆಗುತ್ತಿತ್ತು, ಅಷ್ಟೇ. ನಿಮಗೇನು ಅನಿಸುತ್ತೆ?

ಸುಮ್ನೆ_ನೋಡೋನು:
ನನಗೆ ಅನಿಸೋದು, ದೊಡ್ಡದಾಗಿ ಮಾಡಿದರೆ ಏನು ಬೇಕಾದರೂ ಚೆನ್ನಾಗಿ ಕಾಣುತ್ತೆ. ಹತ್ತು ಮುಚ್ಚಳ ಹೊಲಿದರೆ ಮಕ್ಕಳ ಕ್ರಾಫ್ಟ್ ಕ್ಲಾಸು. ಹತ್ತು ಸಾವಿರ ಹೊಲಿದರೆ ಮ್ಯೂಸಿಯಂ. ಬೇಜಾರು ಮಾಡ್ಕೋಬೇಡಿ.

ಮೂಲೆಮನೆ:
ಬೇಜಾರೇನಿಲ್ಲ, ಆದರೆ ಅಳತೆಯೊಂದರಿಂದಲೇ ಆಗುವ ಮಾತಲ್ಲ ಇದು. ಇವರು ಮುಚ್ಚಳಕ್ಕೆ ಬಂದಿದ್ದು ಬಹಳ ತಡವಾಗಿ. ಅದಕ್ಕೂ ಮೊದಲು ಏನು ಮಾಡುತ್ತಿದ್ದರು ಅಂತ ನೋಡಿದರೆ ವಿಷಯ ತಿಳಿಯುತ್ತೆ.

ಘಾನಾದ ಕುಮಾಸಿಯಲ್ಲಿ ಓದಿದ್ದು. ಅಲ್ಲಿ ಕಲಿಸುತ್ತಿದ್ದುದು ಪೂರಾ ಯುರೋಪಿನ ಪಾಠ. ಓದು ಮುಗಿಸಿದ ಮೇಲೆ ಸುತ್ತಮುತ್ತ ಇದ್ದ ವಸ್ತುಗಳ ಕಡೆ ತಿರುಗಿದರು. ಮೊದಲು ಸಂತೆಯಲ್ಲಿ ಸಾಮಾನು ಇಟ್ಟು ಮಾರುವ ದುಂಡನೆ ಮರದ ತಟ್ಟೆಗಳು. ಅವುಗಳ ಮೇಲೆ ಕಾದ ಕಬ್ಬಿಣದಿಂದ ಗುರುತು ಸುಟ್ಟರು. ಆಮೇಲೆ 1970ರ ದಶಕದ ಕೊನೆಯಲ್ಲಿ ಒಡೆದ ಮಡಕೆಗಳು. 1980ರಲ್ಲಿ ಅಮೆರಿಕದ ಕಮಿಂಗ್ಟನ್‌ನಲ್ಲಿ ಇದ್ದಾಗ ಚೈನ್‌ಸಾ, ಅಂದರೆ ಮೋಟಾರ್ ಗರಗಸ, ಕೈಗೆ ಬಂತು. ಮರದ ಹಲಗೆಗಳನ್ನು ಅದರಿಂದ ಗೀರಿ, ಸುಟ್ಟು, ಸಾಲಾಗಿ ಜೋಡಿಸುವ ಕೆಲಸ ವರ್ಷಗಟ್ಟಲೆ ನಡೆಯಿತು. ಆಮೇಲೆ ಹಾಲಿನ ಡಬ್ಬಿಯ ತಗಡು ಮುಚ್ಚಳ, ಮರಗೆಣಸು ತುರಿಯುವ ತುಕ್ಕು ಹಿಡಿದ ತುರಿಮಣೆ.

ಬಾಟಲಿ ಮುಚ್ಚಳದ ಚೀಲ ಸಿಕ್ಕಿದ್ದು 1998ರಲ್ಲಿ, ಎನ್‌ಸುಕ್ಕಾ ಹತ್ತಿರ. ಯಾರೋ ಬಿಸಾಡಿದ್ದು. ಸಿಕ್ಕ ತಕ್ಷಣ ಏನೂ ಮಾಡಲಿಲ್ಲ. ಸ್ಟುಡಿಯೋದಲ್ಲಿ ಸುಮ್ನೆ ಬಿದ್ದಿತ್ತು. ಅಂದರೆ ಅಷ್ಟು ಹೊತ್ತಿಗೆ ಚೂರುಗಳನ್ನು ಜೋಡಿಸಿ ಒಂದು ಮೈ ಮಾಡುವ ಕೆಲಸದಲ್ಲಿ ಅವರ ಕೈ ಇಪ್ಪತ್ತು ವರ್ಷ ಪಳಗಿತ್ತು. ಚೀಲ ಬೇರೆ ಯಾರಿಗೆ ಸಿಕ್ಕಿದ್ದರೂ ಚೀಲವಾಗೇ ಉಳಿಯುತ್ತಿತ್ತು.

ಒಂಟಿಹೊಲಿಗೆ:
ತಂತಿಸೂಜಿಯವರ ಮಾತಿಗೆ ನನ್ನದೊಂದು ಸೇರಿಕೆ. ಕೌದಿ ಹೊಲಿಯುವವರಿಗೆ ಇದು ಚೆನ್ನಾಗಿ ಗೊತ್ತು. ಹಳೆ ಬಟ್ಟೆ ಚೂರು ಎಷ್ಟೇ ಚಂದ ಇರಲಿ, ಕೌದಿಗೆ ಆ ಉಬ್ಬುತಗ್ಗು ಬರುವುದು ಸಾಲು ಹೊಲಿಗೆ ಬಟ್ಟೆಯನ್ನು ಸ್ವಲ್ಪ ಸ್ವಲ್ಪ ಎಳೆಯುವುದರಿಂದ. ಇಲ್ಲೂ ಅದೇ. ತಂತಿ ಬಿಗಿಯಾದ ಕಡೆ ಹಾಳೆ ಮುದುರುತ್ತೆ, ಸಡಿಲ ಇದ್ದ ಕಡೆ ಜೋಲುತ್ತೆ. ಲೋಹ ಆದರೂ ನೆರಿಗೆ ಬೀಳುತ್ತೆ.

ಇನ್ನೊಂದು. ಅನಾಟ್ಸುಯಿ ತಂದೆ ಕೆಂಟೆ ಅನ್ನೋ ಘಾನಾದ ಸಾಂಪ್ರದಾಯಿಕ ಬಟ್ಟೆ ನೇಯುತ್ತಿದ್ದವರು, ಅಣ್ಣಂದಿರೂ ಅಷ್ಟೇ. ಕೆಂಟೆ ನೇಯುವುದು ಅಗಲವಾದ ಮಗ್ಗದಲ್ಲಲ್ಲ. ಕೈ ಅಗಲದ ಉದ್ದ ಪಟ್ಟಿಗಳನ್ನು ನೇಯ್ದು, ಆಮೇಲೆ ಅಂಚಿಗೆ ಅಂಚು ಕೂಡಿಸಿ ಹೊಲಿಯುತ್ತಾರೆ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಅವರ ಎರಡು ಕೃತಿಗಳ ಹೆಸರೇ "ಗಂಡಸಿನ ಬಟ್ಟೆ" ಮತ್ತು "ಹೆಂಗಸಿನ ಬಟ್ಟೆ". ಹಾಗಂತ ಬರೀ ಕೆಂಟೆಯ ನಕಲು ಅನ್ನೋದು ತಪ್ಪು. ಅವರು ತಮ್ಮನ್ನು ಶಿಲ್ಪಿ ಅಂತಲೇ ಕರೆದುಕೊಳ್ಳುತ್ತಾರೆ, ನೇಕಾರ ಅಂತ ಅಲ್ಲ.

ಬಣ್ಣದಡಬ್ಬ:
ಪೇಂಟ್ ಹೊಡೆದಿದ್ದಾರಾ ಅಥವಾ ಮುಚ್ಚಳದ ಬಣ್ಣವೇನಾ?

ಮೂಲೆಮನೆ:
ಮುಚ್ಚಳದ್ದೇ ಬಣ್ಣ. ಒಂದೊಂದು ಬ್ರಾಂಡಿಗೆ ಒಂದೊಂದು ಬಣ್ಣ. ಕೆಂಪು, ಹಳದಿ, ಕಪ್ಪು, ಬೆಳ್ಳಿ. ಹತ್ತಿರ ನಿಂತರೆ ಮೇಲೆ ಅಚ್ಚಾದ ಹೆಸರುಗಳೂ ಓದಬಹುದು. ಡಾರ್ಕ್ ಸೇಲರ್, ಟಾಪ್ ಸ್ಕ್ವಾಡ್ ಅಂತೆಲ್ಲಾ. ಮುಚ್ಚಳದ ಒಳಭಾಗ ಬೆಳ್ಳಿ ಬಣ್ಣ, ಅದನ್ನೂ ಬೇಕಾದ ಕಡೆ ಹೊರಗೆ ತಿರುಗಿಸುತ್ತಾರೆ. ಹಾಗಾಗಿ ಅವರ ಬಣ್ಣದ ಪೆಟ್ಟಿಗೆ ಅಂದರೆ ಅಲ್ಲಿನ ಜನ ಏನು ಕುಡಿಯುತ್ತಾರೋ ಅದು!

ಇದರಲ್ಲಿ ಇನ್ನೊಂದು ಕಥೆ ಇದೆ. ಪಶ್ಚಿಮ ಆಫ್ರಿಕಾ ಕರಾವಳಿಗೆ ಯುರೋಪಿನ ವ್ಯಾಪಾರಿಗಳು ಬದಲಿ ಮಾಲಾಗಿ ತಂದ ಸರಕುಗಳಲ್ಲಿ ಮದ್ಯವೂ ಒಂದು. ಅದನ್ನು ಕೊಟ್ಟು ಚಿನ್ನ ಒಯ್ದರು, ಮನುಷ್ಯರನ್ನೂ ಒಯ್ದರು. ಹಾಗೆ ಒಯ್ದವರು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ದುಡಿದರು. ಆ ಕಬ್ಬಿನಿಂದ ರಮ್ ಬಂತು, ರಮ್ ಮತ್ತೆ ಆಫ್ರಿಕಾಗೆ ಬಂತು. ಮುಚ್ಚಳ ಆರಿಸಿಕೊಂಡಾಗ ಈ ನಂಟು ಅವರಿಗೆ ಚೆನ್ನಾಗಿ ಗೊತ್ತಿತ್ತು, ಅದರ ಬಗ್ಗೆ ಮಾತಾಡಿಯೂ ಇದ್ದಾರೆ.

ಸುಮ್ನೆ_ನೋಡೋನು:
ಈ ಕಥೆ ಗೋಡೆ ಮೇಲಿನ ಚೀಟಿ ಓದಿದರೆ ಮಾತ್ರ ಗೊತ್ತಾಗೋದು ಅಲ್ವಾ? ಕೃತಿ ನೋಡಿದರೆ ಮಿಂಚೋ ಪರದೆ ಕಾಣುತ್ತೆ. ಗುಲಾಮರ ವ್ಯಾಪಾರ ಎಲ್ಲಿ ಕಾಣುತ್ತೆ?

ತಂತಿಸೂಜಿ:
ಇದು ಸರಿಯಾದ ಪ್ರಶ್ನೆ. ನನ್ನ ಪ್ರಕಾರ ನೇರವಾಗಿ ಕಾಣಲ್ಲ, ಕಾಣಬೇಕಾಗಿಯೂ ಇಲ್ಲ. ಆದರೆ ಬ್ರಾಂಡ್ ಹೆಸರನ್ನು ಅಳಿಸಿಲ್ಲ ಅಲ್ವಾ. ಬಣ್ಣ ಬಳಿದು ಮುಚ್ಚಿಬಿಡಬಹುದಿತ್ತು. ಅಮೆರಿಕದ ಶಿಲ್ಪಿ ಲೂಯಿಸ್ ನೆವೆಲ್ಸನ್ ಅದನ್ನೇ ಮಾಡಿದ್ದು. ನ್ಯೂಯಾರ್ಕ್ ಬೀದಿಯಲ್ಲಿ ಬಿದ್ದಿದ್ದ ಮರದ ತುಂಡು, ಕುರ್ಚಿ ಕಾಲು, ಕಟಾಂಜನದ ಚೂರು ತಂದು ಪೆಟ್ಟಿಗೆಗಳಲ್ಲಿ ಜೋಡಿಸಿ, ಎಲ್ಲದಕ್ಕೂ ಒಂದೇ ಕಪ್ಪು ಹೊಡೆದರು. ಆಗ ಅದು ಕುರ್ಚಿ ಕಾಲಾಗಿ ಕಾಣಲ್ಲ, ಬರೀ ನೆರಳಿನ ಆಟ ಕಾಣುತ್ತೆ. ಅದೂ ಅದ್ಭುತವೇ, 1958ರ "ಸ್ಕೈ ಕೆಥೆಡ್ರಲ್" ನೋಡಿ. ಆದರೆ ದಾರಿ ಬೇರೆ. ಒಬ್ಬರು ವಸ್ತುವಿನ ಹಳೆ ಬದುಕನ್ನು ಮುಚ್ಚಿ ಮೇಲ್ಮೈ ಕಟ್ಟಿದರು, ಇನ್ನೊಬ್ಬರು ತೆರೆದಿಟ್ಟುಕೊಂಡೇ ಕಟ್ಟಿದರು.

ಲೋಹಪ್ರೇಮಿ:
ನಾನು ಕಲೆಯವನಲ್ಲ, ಲೋಹದವನು. ನನಗೆ ತಲೆಬಿಸಿ ಆಗಿದ್ದು ಬೇರೆ ವಿಷಯಕ್ಕೆ. ಅಲ್ಯೂಮಿನಿಯಂಗೆ ತಾಮ್ರದ ತಂತಿ! ಈ ಎರಡು ಲೋಹ ಒಂದಕ್ಕೊಂದು ತಾಗಿಕೊಂಡು, ಮಧ್ಯೆ ಉಪ್ಪು ಬೆರೆತ ತೇವ ಇದ್ದರೆ ಅಲ್ಯೂಮಿನಿಯಂ ಸವೆಯುತ್ತಾ ಹೋಗುತ್ತೆ. ಎರಡರ ನಡುವೆ ಸಣ್ಣ ವಿದ್ಯುತ್ ಹರಿದು, ಅಲ್ಯೂಮಿನಿಯಂ ತನ್ನನ್ನೇ ಬಿಟ್ಟುಕೊಡುತ್ತೆ. ಮನೆ ವೈರಿಂಗ್ ಮಾಡುವವರೂ ಇವೆರಡನ್ನು ನೇರವಾಗಿ ಜೋಡಿಸಲು ಹೋಗಲ್ಲ. ಮ್ಯೂಸಿಯಂ ಒಳಗೆ ಒಣಗಿದ ಗಾಳಿ ಇದ್ದರೆ ತೊಂದರೆ ಕಡಿಮೆ. ಸಮುದ್ರದ ಪಕ್ಕ ಹೊರಗೆ ನೇತುಹಾಕಿದರೆ ನಾನಂತೂ ಕಣ್ಣಿಟ್ಟಿರುತ್ತೇನೆ.

ಇನ್ನು ಒಳ್ಳೆ ಮಾತು. ಅಲ್ಯೂಮಿನಿಯಂ ಮೇಲೆ ಗಾಳಿ ತಾಗಿದ ಕೂಡಲೇ ತೆಳುವಾದ ಆಕ್ಸೈಡ್ ಪದರ ಬರುತ್ತೆ, ಅದೇ ಅದಕ್ಕೆ ಕಾವಲು. ಕಬ್ಬಿಣದ ಹಾಗೆ ತುಕ್ಕು ಉದುರಲ್ಲ. ಹಗುರ ಬೇರೆ. ಇದೇ ಅಳತೆಯನ್ನು ಕಬ್ಬಿಣದ ತಗಡಿನಲ್ಲಿ ಮಾಡಿದ್ದರೆ ಗೋಡೆಗೆ ನೇತುಹಾಕುವುದು ದೊಡ್ಡ ಸರ್ಕಸ್ ಆಗುತ್ತಿತ್ತು. ಮುಚ್ಚಳದ ತಗಡು ಎಷ್ಟು ಮೆತ್ತಗೆ ಅಂದರೆ ಬೆರಳಲ್ಲೇ ಮಡಚಬಹುದು. ಈ ಮೆತ್ತಗಿನ ಗುಣ ಇಲ್ಲದಿದ್ದರೆ ನೆರಿಗೆಯೂ ಇಲ್ಲ.

ತಂತಿಸೂಜಿ:
ಲೋಹಪ್ರೇಮಿಗಳೇ, ಈ ಕೋನ ನನಗೆ ಹೊಳೆದೇ ಇರಲಿಲ್ಲ, ಥ್ಯಾಂಕ್ಸ್. ಹೊರಗೆ ಹಾಕಿದ್ದೂ ಇದೆ. 2007ರಲ್ಲಿ ಇಟಲಿಯ ವೆನಿಸ್ ಬಿನಾಲೆ ಅನ್ನೋ ದೊಡ್ಡ ಕಲಾ ಪ್ರದರ್ಶನದ ಸಮಯದಲ್ಲಿ ಪಲಾತ್ಸೊ ಫೋರ್ಚುನಿ ಅನ್ನೋ ಹಳೆ ಕಟ್ಟಡದ ಮುಂಭಾಗಕ್ಕೆ ಇಳಿಬಿಟ್ಟಿದ್ದರು. ಅದೂ ನೀರಿನ ಊರು. 2013ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಅನ್ನೋ ಕಲಾಸಂಸ್ಥೆಯ ಮುಂಭಾಗವನ್ನು ಹೀಗೇ ಹೊದಿಸಿದರು. ಎರಡೂ ತಾತ್ಕಾಲಿಕ.

ಉಪ್ಪುಕಾಗದ:
ಕೈಕೆಲಸ ಮಾಡುವವನಾಗಿ ನಾನು ನೋಡುವುದು ಬೇರೆ ಥರ. ಒಂದು ತಿರುಪಿನ ಮುಚ್ಚಳದಲ್ಲಿ ಎರಡು ಭಾಗ. ಮೇಲಿನ ದುಂಡು ಬಿಲ್ಲೆ, ಕೆಳಗೆ ಕತ್ತಿನ ಪಟ್ಟಿ. ಪಟ್ಟಿಯನ್ನು ಬಿಡಿಸಿ ಚಪ್ಪಟೆ ಮಾಡಿದರೆ ಉದ್ದ ಆಯತ. ಅದನ್ನು ಮಡಚಿದರೆ ಗಟ್ಟಿ ಕಡ್ಡಿ. ಬಿಲ್ಲೆಯನ್ನು ಹಾಗೇ ಇಟ್ಟರೆ ನಾಣ್ಯ, ಅಂಚು ಒಳಗೆ ತಿರುಗಿಸಿದರೆ ಹೂವಿನ ಥರ. ಕತ್ತಿನ ತೆಳು ಉಂಗುರ ಉಳಿಸಿಕೊಂಡು ಉಂಗುರಕ್ಕೆ ಉಂಗುರ ಜೋಡಿಸಿದರೆ ಬಲೆ, ಅದರೊಳಗೆ ಹಿಂದಿನ ಗೋಡೆ ಕಾಣುತ್ತೆ. ಅಂದರೆ ಒಂದೇ ಕಸದಿಂದ ಐದಾರು ಥರ "ನೂಲು" ಮಾಡಿಕೊಂಡಿದ್ದಾರೆ. ದಟ್ಟ, ಜಾಳು, ಗಟ್ಟಿ, ಮೆತ್ತಗೆ. ಟೆಕ್ಸ್ಚರ್ ಬಂದಿದ್ದು ಇಲ್ಲಿಂದ.

ಹೊಸಬರು ಮಾಡುವುದು ಇದರ ತಿರುವುಮುರುವು. ಬಟನ್, ಚಿಪ್ಪು, ಸಿಡಿ, ಹಗ್ಗ, ಗೇರು, ಸಿಕ್ಕಿದ್ದೆಲ್ಲ ಒಂದೇ ಹಲಗೆಗೆ. ಇಪ್ಪತ್ತು ಥರದ ಸಾಮಾನು, ಒಂದೇ ಥರದ ಅಂಟು. ನೋಡಿದರೆ ಡ್ರಾಯರ್ ಕವುಚಿ ಹಾಕಿದಂಗಿರುತ್ತೆ. ಒಂದೇ ಸಾಮಾನು ತಗೊಂಡು ಇಪ್ಪತ್ತು ಥರ ಮಡಚಿ ನೋಡಿ, ಆಗ ಗೊತ್ತಾಗುತ್ತೆ.

ಒಂಟಿಹೊಲಿಗೆ:
"ಡ್ರಾಯರ್ ಕವುಚಿ ಹಾಕಿದಂಗೆ" 😂 ಸತ್ಯ ಸತ್ಯ.

ಸುಮ್ನೆ_ನೋಡೋನು:
ಸರಿ, ಮೇಲ್ಮೈ ವಿಷಯ ಒಪ್ಪಿದೆ. ಆದರೆ ಇದನ್ನೆಲ್ಲ ಹೊಲಿದವರು ಯಾರು? ಅವರೊಬ್ಬರೇ ಅಲ್ಲ. ಎನ್‌ಸುಕ್ಕಾದಲ್ಲಿ ಎಷ್ಟೋ ಹುಡುಗರು ಕೂತು ತೂತು ಹೊಡೆದು ತಂತಿ ಕಟ್ಟಿದ್ದಾರೆ. ಹೆಸರು ಬರೋದು ಒಬ್ಬರದು. ಟೆಕ್ಸ್ಚರ್ ಹೊಲಿಗೆಯಿಂದ ಬಂತು ಅಂತ ನೀವೇ ಹೇಳ್ತೀರಿ. ಹೊಲಿದವರು ಬೇರೆಯವರು. ಹಾಗಾದರೆ ಕಲೆ ಯಾರದ್ದು?

ಮೂಲೆಮನೆ:
ಸಹಾಯಕರು ಇದ್ದಾರೆ, ಅದನ್ನು ಅವರು ಮುಚ್ಚಿಟ್ಟಿಲ್ಲ. ಕೆಲಸ ನಡೆಯುವ ರೀತಿ ಹೀಗೆ: ಸಹಾಯಕರು ಸಣ್ಣ ಸಣ್ಣ ತುಂಡು ಹಾಳೆಗಳನ್ನು ಹೊಲಿಯುತ್ತಾರೆ. ಅವನ್ನು ನೆಲದ ಮೇಲೆ ಹರಡಿ ಅನಾಟ್ಸುಯಿ ಜಾಗ ಬದಲಿಸುತ್ತಾ ಹೋಗುತ್ತಾರೆ. ಫೋಟೋ ತೆಗೆದು ನೋಡುತ್ತಾರೆ, ಮತ್ತೆ ಬದಲಿಸುತ್ತಾರೆ. ಒಪ್ಪಿಗೆಯಾದ ಮೇಲೆ ತುಂಡುಗಳನ್ನು ಕೂಡಿಸಿ ಹೊಲಿಯುವುದು. ಶಿಲ್ಪಿಗಳ ಕಾರ್ಯಾಗಾರ ಅಂದರೆ ಹಿಂದಿನಿಂದಲೂ ಹೀಗೇ ಅಲ್ವಾ. ಕಂಚು ಎರಕ ಹೊಯ್ಯುವವರ ಹೆಸರನ್ನು ಯಾರು ಕೇಳುತ್ತಾರೆ?

ಸುಮ್ನೆ_ನೋಡೋನು:
ಕೇಳಬೇಕು ಅಂತಲೇ ನಾನು ಹೇಳ್ತಿರೋದು. ಹಿಂದಿನಿಂದ ಹಾಗಿದೆ ಅನ್ನೋದು ಉತ್ತರ ಅಲ್ಲ ಗುರುಗಳೇ.

ಒಂಟಿಹೊಲಿಗೆ:
ಇದರಲ್ಲಿ ನಾನು ಸುಮ್ನೆ_ನೋಡೋನು ಅವರ ಕಡೆ. ಹತ್ತಾರು ಕೈ ಹೊಲಿದಿದ್ದರಿಂದಲೇ ಒಂದೊಂದು ತುಂಡಿನ ಬಿಗಿ ಬೇರೆ ಬೇರೆ. ಒಬ್ಬರೇ ಹೊಲಿದಿದ್ದರೆ ಇಷ್ಟು ಜೀವ ಬರುತ್ತಿರಲಿಲ್ಲ. ಹಾಗಿದ್ದ ಮೇಲೆ ಆ ಕೈಗಳಿಗೆ ಒಂದು ಸಾಲು ಜಾಗ ಕೊಟ್ಟರೆ ಏನೂ ಕಳೆದುಹೋಗಲ್ಲ.

ತಂತಿಸೂಜಿ:
ಒಪ್ಪಿದೆ. ಆದರೆ ಬೇರೆಯವರಿಗೆ ಬಿಟ್ಟುಕೊಡುವ ವಿಷಯದಲ್ಲಿ ಅನಾಟ್ಸುಯಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ, ಅದನ್ನೂ ಹೇಳಬೇಕು. ಕೃತಿಯನ್ನು ಹೀಗೇ ನೇತುಹಾಕಿ ಅಂತ ಅವರು ಕಟ್ಟುನಿಟ್ಟಾಗಿ ಹೇಳಲ್ಲ. ಮಡಚಿ ಪೆಟ್ಟಿಗೆಯಲ್ಲಿ ಕಳಿಸುತ್ತಾರೆ. ಬಿಚ್ಚಿ ನೇತುಹಾಕುವ ಮ್ಯೂಸಿಯಂನವರು ತಮಗೆ ತೋಚಿದ ಹಾಗೆ ನೆರಿಗೆ ಹಾಕಬಹುದು. ಒಂದೇ ಕೃತಿ ಎರಡು ಊರಿನಲ್ಲಿ ಎರಡು ರೂಪ. ಹೆಸರಾಂತ ಶಿಲ್ಪಿಗಳು ಸಾಮಾನ್ಯವಾಗಿ ಇಂಚಿನ ಲೆಕ್ಕದಲ್ಲಿ ನಕ್ಷೆ ಕಳಿಸುತ್ತಾರೆ. ಇಲ್ಲಿ ನೇತುಹಾಕುವವರೂ ತೀರ್ಮಾನ ಮಾಡಬೇಕು. ಹೊಲಿಗೆ ಸಡಿಲ ಇರುವುದರಿಂದ ಮಾತ್ರ ಇದು ಸಾಧ್ಯ. ಅದಕ್ಕೇ ನಾನು ಮೊದಲಿಂದ ಜೋಡಣೆ ಜೋಡಣೆ ಅಂತ ಬಡಕೊಳ್ತಿರೋದು.

ಬಣ್ಣದಡಬ್ಬ:
ಕಸವನ್ನು ಮರುಬಳಕೆ ಮಾಡಿದರು ಅನ್ನೋದೇ ದೊಡ್ಡ ವಿಷಯ ಅಲ್ವಾ? ಪರಿಸರಕ್ಕೆ ಒಳ್ಳೇದು ಅಂತ ಎಲ್ಲ ಕಡೆ ಬರೆದಿರ್ತಾರೆ.

ಉಪ್ಪುಕಾಗದ:
ಆ ಹಣೆಪಟ್ಟಿ ಅವರಿಗೇ ಇಷ್ಟ ಇಲ್ಲ. ಮರುಬಳಕೆ ಅಂದರೆ ಮುಚ್ಚಳ ಕರಗಿ ಮತ್ತೆ ಮುಚ್ಚಳವೋ ಡಬ್ಬಿಯೋ ಆಗುವುದು. ಇಲ್ಲಿ ಅದು ವಾಪಸ್ ಸಾಮಾನಾಗಿ ಹೋಗಲ್ಲ. ನಿಜ ಹೇಳಬೇಕೆಂದರೆ ಆಮೇಲೆ ಅವರಿಗೆ ಬೇಕಾದಷ್ಟು ಮುಚ್ಚಳ ದಾರಿಯಲ್ಲಿ ಸಿಗುವಂಥದ್ದಲ್ಲ. ಬಾಟಲಿ ತೊಳೆದು ಮತ್ತೆ ತುಂಬುವ ಕಡೆಯಿಂದ ಚೀಲಗಟ್ಟಲೆ ತರಿಸಬೇಕು. ಪರಿಸರ ಉಳಿಸೋದೇ ಗುರಿ ಆಗಿದ್ದರೆ ಆ ಅಲ್ಯೂಮಿನಿಯಂ ಕರಗಿಸಲು ಕೊಡುವುದೇ ಸುಲಭದ ದಾರಿ. ಇದು ಪರಿಸರದ ಕೆಲಸ ಅಲ್ಲ ಅಂದರೆ ಕಲೆಗೇನೂ ಅವಮಾನ ಆಗಲ್ಲ.

ಮೂಲೆಮನೆ:
ಪೂರ್ತಿ ಒಪ್ಪುತ್ತೇನೆ. ಹಾಗೆ ನೋಡಿದರೆ ಇಟಲಿಯ ಕಲಾವಿದ ಆಲ್ಬರ್ಟೊ ಬುರ್ರಿಯನ್ನು ಪರಿಸರವಾದಿ ಅಂತ ಯಾರೂ ಕರೆಯಲ್ಲ. ಅವರು ಮೊದಲು ವೈದ್ಯರಾಗಿದ್ದವರು. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಟೆಕ್ಸಾಸ್‌ನ ಹರ್ಫರ್ಡ್ ಶಿಬಿರದಲ್ಲಿ ಇದ್ದಾಗ ಚಿತ್ರ ಬರೆಯಲು ಶುರುಮಾಡಿದರು. 1950ರ ದಶಕದಲ್ಲಿ ಹಳೆ ಗೋಣಿಚೀಲಗಳನ್ನು ಹರಿದು, ತೇಪೆ ಹಾಕಿ, ಹೊಲಿದು ಕ್ಯಾನ್ವಾಸ್ ಮಾಡಿದರು. ಆಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಬೆಂಕಿಯಲ್ಲಿ ಸುಟ್ಟು ತೂತು ಮಾಡಿದರು. ಗಾಯ, ಹೊಲಿಗೆ, ಸುಟ್ಟ ಚರ್ಮ ಅಂತ ವಿಮರ್ಶಕರು ಬರೆದರು. ಬುರ್ರಿ ಮಾತ್ರ ಅಂಥ ಅರ್ಥಗಳನ್ನು ಒಪ್ಪದೆ, ತನಗೆ ಮುಖ್ಯ ರೂಪ ಮತ್ತು ಜಾಗ ಅಷ್ಟೇ ಅನ್ನುತ್ತಿದ್ದರು.

ಬಣ್ಣದಡಬ್ಬ:
ಸರಿ, ಈಗ ನನ್ನ ಸ್ವಾರ್ಥದ ಪ್ರಶ್ನೆ. ಮಾತ್ರೆ ಖಾಲಿಯಾದ ಸ್ಟ್ರಿಪ್‌ಗಳು ನನ್ನ ಹತ್ತಿರ ಒಂದು ದೊಡ್ಡ ಚೀಲ ಇವೆ. ಬೆಳ್ಳಿ ಬಣ್ಣ, ಗುಳಿ ಗುಳಿ, ನೋಡೋಕೆ ಚೆನ್ನಾಗಿವೆ. ಇದರಿಂದ ಹೀಗೆ ನೇತುಹಾಕುವಂಥದ್ದು ಮಾಡಬಹುದಾ? ಪ್ಲಾಸ್ಟಿಕ್ ಭಾಗವನ್ನು ಬುರ್ರಿ ಥರ ಸ್ವಲ್ಪ ಕಾಯಿಸಿ ಮುದುಡಿಸೋಣ ಅಂತಿದ್ದೆ.

ಉಪ್ಪುಕಾಗದ:
ಕಾಯಿಸೋದು ಬೇಡವೇ ಬೇಡ! ಆ ಸ್ಟ್ರಿಪ್‌ಗಳ ಪ್ಲಾಸ್ಟಿಕ್ ಬಹುಪಾಲು ಪಿವಿಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಕಿಟಕಿ ತೆರೆದರೆ ಸಾಕು ಅನ್ನೋ ಲೆಕ್ಕ ಅಲ್ಲ.

ಹೊಲಿಯೋದಾದರೆ ಧಾರಾಳವಾಗಿ ಮಾಡಬಹುದು. ಒಳಗೆ ಮಾತ್ರೆಯ ಪುಡಿ ಇರುತ್ತೆ, ಮೊದಲು ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಮೂಲೆಗಳು ಬ್ಲೇಡ್ ಥರ ಕೊಯ್ಯುತ್ತವೆ, ಕತ್ತರಿಯಲ್ಲಿ ದುಂಡಗೆ ಮಾಡಿಕೊಳ್ಳಿ, ಕೈಗವಸು ಹಾಕಿ. ತೂತಿಗೆ ಮೆತ್ತನೆ ಮರದ ಹಲಗೆ ಕೆಳಗಿಟ್ಟು ದಬ್ಬಳದಿಂದ ಚುಚ್ಚಿ. ಅಂಚಿಗೆ ತೀರಾ ಹತ್ತಿರ ತೂತು ಹಾಕಿದರೆ ತೂಕ ಬಿದ್ದಾಗ ಹರಿಯುತ್ತೆ. ತಂತಿಯನ್ನು ಒಂದೇ ಉದ್ದಕ್ಕೆ ಸಾಲು ಹೊಲಿಗೆ ಹಾಕಬೇಡಿ, ಒಂದು ಕಡೆ ಕಿತ್ತರೆ ಪೂರ್ತಿ ಬಿಚ್ಚಿಕೊಳ್ಳುತ್ತೆ. ಒಂದೊಂದು ಜೋಡಣೆಗೆ ಪ್ರತ್ಯೇಕ ಸಣ್ಣ ತುಂಡು, ಇಕ್ಕಳದಿಂದ ತಿರುಚಿ, ತುದಿಯನ್ನು ಹಿಂದಕ್ಕೆ ಮಡಚಿ.

ಮೊದಲು ಅಂಗೈ ಅಗಲದ ತುಂಡುಗಳನ್ನೇ ಬೇರೆ ಬೇರೆ ರೀತಿ ಹೊಲಿದು ನೋಡಿ. ಒಂದನ್ನು ಬಿಗಿಯಾಗಿ, ಒಂದನ್ನು ಸಡಿಲವಾಗಿ, ಒಂದರಲ್ಲಿ ಬೆಳ್ಳಿ ಬದಿ ಒಳಗೆ. ಪೂರ್ತಿ ಚೀಲಕ್ಕೆ ಕೈ ಹಾಕುವುದು ಆಮೇಲೆ.

ಲೋಹಪ್ರೇಮಿ:
ಇದಕ್ಕೆ ತಾಮ್ರ ಬಿಟ್ಟು ಅಲ್ಯೂಮಿನಿಯಂ ತಂತಿಯನ್ನೇ ಹಾಕಿ. ಒಂದೇ ಲೋಹ, ನನ್ನ ತಲೆಬಿಸಿಯೂ ಕಡಿಮೆ. ಎರಡು ಬಣ್ಣದ ವ್ಯತ್ಯಾಸ ಕಾಣಲೇಬೇಕು ಅಂದರೆ ಮೆರುಗು ಬಳಿದ ತಾಮ್ರದ ತಂತಿ, ಮೋಟಾರ್ ಸುತ್ತುವವರು ಬಳಸುತ್ತಾರಲ್ಲ, ಅದು. ಮೇಲಿನ ಪದರ ಎರಡು ಲೋಹ ತಾಗದ ಹಾಗೆ ತಡೆಯುತ್ತೆ, ಗೀಚದೆ ಇದ್ದರೆ.

ಬಣ್ಣದಡಬ್ಬ:
ಅಬ್ಬಾ, ಇಷ್ಟು ವಿವರ ನಿರೀಕ್ಷೆ ಮಾಡಿರಲಿಲ್ಲ. ಕಾಯಿಸುವುದನ್ನು ಬಿಟ್ಟೆ. ಬೆಳಕು ಹೇಗೆ ಬೀಳಬೇಕು? ಫೋಟೋ ತೆಗೆದರೆ ಎಲ್ಲ ಚಪ್ಪಟೆಯಾಗಿ ಕಾಣುತ್ತೆ.

ಒಂಟಿಹೊಲಿಗೆ:
ಎದುರಿಂದ ಫ್ಲಾಶ್ ಹಾಕಿದರೆ ಉಬ್ಬುತಗ್ಗು ಎಲ್ಲ ಸತ್ತುಹೋಗುತ್ತೆ. ಪಕ್ಕದಿಂದ, ಗೋಡೆಗೆ ಒತ್ತಿಕೊಂಡ ಹಾಗೆ ಒಂದೇ ದೀಪ ಇಡಿ. ಪ್ರತಿ ಮಡಿಕೆಗೂ ನೆರಳು ಬೀಳುತ್ತೆ. ಗೋಡೆಗೆ ಅಂಟಿಸಿದ ಹಾಗೆ ನೇತುಹಾಕದೆ ಹಿಂದೆ ಸ್ವಲ್ಪ ಜಾಗ ಬಿಟ್ಟರೆ ಇನ್ನೂ ಚೆನ್ನ.

ಮೂಲೆಮನೆ:
ಹಿಂದೆ ಜಾಗ ಅಂದಾಗ ನೆನಪಾಯಿತು. ಲಂಡನ್ನಿನ ಟೇಟ್ ಮಾಡರ್ನ್ ಮ್ಯೂಸಿಯಂನ ಟರ್ಬೈನ್ ಹಾಲ್ ಅನ್ನೋ ದೊಡ್ಡ ಸಭಾಂಗಣದಲ್ಲಿ 2023ರ ಅಕ್ಟೋಬರಿನಿಂದ 2024ರ ಏಪ್ರಿಲ್‌ವರೆಗೆ ಅನಾಟ್ಸುಯಿ ಮಾಡಿದ್ದ "ಬಿಹೈಂಡ್ ದ ರೆಡ್ ಮೂನ್" ಗೋಡೆಗೆ ಒರಗಿದ್ದಲ್ಲ. ಛಾವಣಿಯಿಂದ ತೂಗುಬಿಟ್ಟ ಮೂರು ಭಾಗ. ಮೊದಲನೆಯದು ಗಾಳಿ ತುಂಬಿದ ಹಡಗಿನ ಹಾಯಿ, ಮೇಲೆ ಕೆಂಪು ಚಂದ್ರ. ಎರಡನೆಯದು ಉಂಗುರಗಳ ಜಾಳು ಬಲೆಯಲ್ಲಿ ಮಾಡಿದ ಮನುಷ್ಯರ ಆಕಾರಗಳು, ಚದುರಿ ತೂಗುತ್ತವೆ. ಒಂದು ಜಾಗದಲ್ಲಿ ನಿಂತಾಗ ಮಾತ್ರ ಎಲ್ಲ ಕೂಡಿ ಭೂಮಿಯ ವೃತ್ತ ಆಗುತ್ತೆ. ಮೂರನೆಯದು ಕಪ್ಪು ಗೋಡೆ, ಅದರ ಹಿಂದಕ್ಕೆ ಹೋದರೆ ಬಣ್ಣಬಣ್ಣ. ನೋಡೋನು ಅವರೇ, ಹಾಯಿ ಹಡಗು, ಮದ್ಯದ ಮುಚ್ಚಳ, ಚದುರಿದ ಮನುಷ್ಯರು. ಇಲ್ಲಿ ಚೀಟಿ ಓದದಿದ್ದರೂ ವ್ಯಾಪಾರದ ಕಥೆ ಅರ್ಧ ಸಿಗುತ್ತೆ ಅನಿಸುತ್ತೆ.

ಸುಮ್ನೆ_ನೋಡೋನು:
ಅರ್ಧ ಒಪ್ಪಿದೆ. ಹಡಗು ಇದ್ದ ಮೇಲೆ ಕಥೆ ತಾನಾಗಿ ಬರುತ್ತೆ, ಅದು ಸರಿ. ಬರೀ ಗೋಡೆ ಪರದೆಗಳ ಬಗ್ಗೆ ನನ್ನ ಮಾತು ಹಾಗೇ ಇದೆ.

ತಂತಿಸೂಜಿ:
ಅಷ್ಟು ಸಾಕು ಬಿಡಿ 🙂 ಬಣ್ಣದಡಬ್ಬ ಅವರೇ, ಮೊದಲ ತುಂಡುಗಳ ಫೋಟೋ ಇಲ್ಲೇ ಹಾಕಿ. ಹಿಂಬದಿಯದ್ದೂ ಇರಲಿ, ತಂತಿ ಹೇಗೆ ತಿರುಚಿದ್ದೀರಿ ಅಂತ ನೋಡಬೇಕು.

ಸುಮ್ನೆ_ನೋಡೋನು:
ಹೊಲಿದವರ ಹೆಸರಿನ ವಿಷಯ ಮಾತ್ರ ನಾನು ಬಿಟ್ಟಿಲ್ಲ. ಇಲ್ಲಿ ಉದ್ದ ಆಯ್ತು, ಅದಕ್ಕೆ ಬೇರೆ ಚರ್ಚೆ ಶುರು ಮಾಡುತ್ತೇನೆ. ಒಂಟಿಹೊಲಿಗೆ ಅವರು ಅಲ್ಲಿಗೂ ಬರಬೇಕು.